ಮಂದ್ರದ ಸರಂಜಾಮು

ಗಣೇಶ ಕೂತ ಮೂರನೆಯ ಸಂಜೆ, ಹೊಸಪೇಟೆಯ ಓಣಿಯೊಂದರ ತುದಿ. ಎರಡು ಟ್ರೇಲರ್‌ಗಳನ್ನು ಒತ್ತಟ್ಟಿಗೆ ನಿಲ್ಲಿಸಿ, ಮೇಲೆ ಹಲಗೆ ಹೊಡೆದು ಕೆಂಪು ಮ್ಯಾಟ್ ಹಾಸಿದರೆ ವೇದಿಕೆ ಸಿದ್ಧ. ಹಿಂದಿನ ಪರದೆಯಲ್ಲಿ ಎಡಕ್ಕೆ ವಿಘ್ನೇಶ್ವರ, ಬಲಕ್ಕೆ ಅಪ್ಪು, ನಡುವೆ ದೇಣಿಗೆ ಕೊಟ್ಟವರ ಪಾಸ್‌ಪೋರ್ಟ್ ಅಳತೆಯ ಮುಖಗಳು. 2022ರಲ್ಲಿ ಅಪ್ಪು, ಅಂದರೆ ನಟ ಪುನೀತ್ ರಾಜ್‌ಕುಮಾರ್ ಅವರ ಪ್ರತಿಮೆಯನ್ನು ವೃತ್ತದಲ್ಲಿ ನಿಲ್ಲಿಸಿದ ಊರಿದು. ಅವರ ಹಾಡಿಲ್ಲದೆ ಇಲ್ಲಿಯ ರಸಮಂಜರಿಗೆ ಚಪ್ಪಾಳೆ ಹುಟ್ಟುವುದು ಕಷ್ಟ. ಸೌಂಡ್‌ನವರ ಮಿನಿ ಲಾರಿ ಹಿಮ್ಮುಖವಾಗಿ ಓಣಿಗೆ ನುಗ್ಗುತ್ತದೆ. 18 ಇಂಚಿನ ಸ್ಪೀಕರ್ ಕೂರಿಸಿದ ಕರಿ ಪೆಟ್ಟಿಗೆಗಳು ನಾಲ್ಕಾಳಿನ ಹೆಗಲ ಮೇಲೆ ಇಳಿಯುತ್ತವೆ. ಕೀಬೋರ್ಡ್ ಬಂತು, ಆಕ್ಟೋಪ್ಯಾಡ್ ಬಂತು, ಢೋಲಕ್ ಬಂತು, ಜರಿ ಕೋಟಿನ ಗಾಯಕರೂ ಬಂದರು. ಕೊನೆಗೆ ಗೆಳೆಯನ ಬೈಕಿನ ಹಿಂದೆ ಕೂತು, ಬೆನ್ನಿಗೆ ಉದ್ದನೆಯ ಕರಿ ಚೀಲ ಬಿಗಿದುಕೊಂಡು ಬೇಸ್ ಗಿಟಾರಿನ ಹುಡುಗ ಬರುತ್ತಾನೆ. ಚೀಲದ ತುದಿ ಅವನ ತಲೆಗಿಂತ ಒಂದು ಗೇಣು ಮೇಲಿದೆ.

"ಅಣ್ಣಾ, ನನಗೊಂದು ಲೈನ್ ಕೊಡ್ರಿ."

ಮಿಕ್ಸರಿನ ಮುಂದೆ ಕೂತವನು ತಲೆ ಎತ್ತುವುದಿಲ್ಲ. "ಬೇಸ್ ಕೀಬೋರ್ಡ್‌ನಾಗ ಬರ್ತದಲ್ಲೋ."

ಈ ಮಾತಿನಲ್ಲಿ ನಮ್ಮ ಸೀಮೆಯ ಆರ್ಕೆಸ್ಟ್ರಾಗಳ ಲೆಕ್ಕಾಚಾರವೆಲ್ಲ ಅಡಗಿದೆ. ಬಂದ ಸಂಭಾವನೆ ಆರು ಜನಕ್ಕೆ ಹಂಚುವುದಕ್ಕಿಂತ ಐದು ಜನಕ್ಕೆ ಹಂಚಿದರೆ ಒಬ್ಬೊಬ್ಬರ ಕೈಗೂ ನಾಲ್ಕು ಕಾಸು ಹೆಚ್ಚು. ಕೀಬೋರ್ಡಿನವನ ಎಡಗೈ ಕೆಳಸ್ವರ ನುಡಿಸುತ್ತದೆ, ಬಲಗೈ ಪಿಟೀಲು, ಕೊಳಲು, ಶಹನಾಯಿ ಎಲ್ಲ ಆಗುತ್ತದೆ. ಆದರೆ ಶಂಕರ್‌ನಾಗ್ ನಿರ್ದೇಶಿಸಿದ 'ಗೀತಾ' (1981) ಚಿತ್ರಕ್ಕೆ ಇಳಯರಾಜಾ ಕೊಟ್ಟ ಹಾಡುಗಳನ್ನು ಒಮ್ಮೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಅಲ್ಲಿ ಬೇಸ್ ತಾಳಕ್ಕೊಂದು ಗುಮ್ಮು ಹಾಕಿ ಸುಮ್ಮನಾಗುವುದಿಲ್ಲ. ಗಾಯಕನ ಸಾಲಿಗೆ ಎದುರು ಸಾಲು ಕಟ್ಟುತ್ತ, ಜಾರುತ್ತ, ತಡೆಯುತ್ತ ತನ್ನದೇ ದಾರಿಯಲ್ಲಿ ನಡೆಯುತ್ತದೆ. ಎರಡೂ ಕೈಗೆ ಬಿಡುವಿಲ್ಲದ ಕೀಬೋರ್ಡಿಗ ಆ ದಾರಿಯನ್ನು ಎರಡು ಮೂಲಸ್ವರಕ್ಕೆ ಇಳಿಸಿಬಿಡುತ್ತಾನೆ. ಓಣಿಯ ಜನ ಹಾಡು ಗುರುತಿಸುತ್ತಾರೆ. ಎಲ್ಲೋ ಏನೋ ಸಪ್ಪೆಯಾಯಿತು ಅಂತಲೂ ಅಂದುಕೊಳ್ಳುತ್ತಾರೆ. ಆ ಸಪ್ಪೆಯನ್ನು ನೀಗಿಸಲೆಂದೇ ಈ ಹುಡುಗ ಚೀಲ ಹೊತ್ತು ಬಂದಿದ್ದಾನೆ.

ಚೀಲದ ಜಿಪ್ಪು ಎಳೆದು ಅವನು ಸಾಮಾನು ಹರಡುತ್ತಾನೆ. ನಾಲ್ಕು ತಂತಿಯ ಬೇಸ್. ಆರು ಮೀಟರಿನ ಎರಡು ಕೇಬಲ್. ತಲೆಗೆ ಕಚ್ಚಿಸುವ ಪುಟ್ಟ ಟ್ಯೂನರ್. ಅಂಗೈಯಗಲದ ಒಂದು ಲೋಹದ ಡಬ್ಬಿ. ಹಳೇ ಬನಿಯನ್ನಿನ ಬಟ್ಟೆ, ಅಲೆನ್ ಕೀ, ಕರೆಂಟ್ ಟೆಸ್ಟರು. ಆಂಪ್ಲಿಫಯರ್ ಇಲ್ಲ. ಆ ಇಲ್ಲದಿರುವಿಕೆಯೇ ಅವನ ಜಾಣತನ.

ಬೇಸ್ ಗಿಟಾರಿನ ಚರಿತ್ರೆ ಅಂಥ ಹಳೆಯದೇನಲ್ಲ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ತಪ್ಪಿಸಲು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಮಾರುಕಟ್ಟೆಗೆ ತಂದ. ಗಟ್ಟಿ ಮರದ ಮೈ, ಫ್ರೆಟ್ ಹೊಡೆದ ಕತ್ತು, 34 ಇಂಚಿನ ತಂತಿ. 1960ರಲ್ಲಿ ಅವನದೇ 'ಜಾಝ್ ಬೇಸ್' ಬಂತು: ಕತ್ತಿನ ತುದಿ ಸಣ್ಣ, ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು. ಇಂದು ಅಂಗಡಿಯ ಗೋಡೆಗೆ ತೂಗುಬಿದ್ದಿರುವ ಯಮಾಹಾ, ಐಬನೆಝ್, ಕೋರ್ಟ್, ಸ್ಕ್ವಾಯರ್‌ಗಳಲ್ಲಿ ಬಹುಪಾಲು ಈ ಎರಡರ ಸಂತಾನವೇ. ಪ್ರಿಸಿಷನ್ ಮಾದರಿಯ ಪಿಕಪ್ಪಿನಲ್ಲಿ ಸುರುಳಿ ಎರಡು ತುಂಡಾಗಿ ಹೊರಗಿನ ಗುಂಯ್‌ಗುಡುವಿಕೆಯನ್ನು ಪರಸ್ಪರ ಹೊಡೆದುಹಾಕುತ್ತವೆ. ಜಾಝ್ ಮಾದರಿಯಲ್ಲಿ ಎರಡೂ ಪಿಕಪ್ಪಿನ ಗುಬುಟು ಸಮ ತಿರುಗಿಸಿದಾಗ ಮಾತ್ರ ಆ ಲಾಭ. ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು, ಡಿಮ್ಮರುಗಳ ನಡುವೆ ನಿಂತು ನುಡಿಸುವ ನಮ್ಮ ಓಣಿಗಳಿಗೆ ಮೊದಲನೆಯದು ಹೇಳಿ ಮಾಡಿಸಿದ್ದು.

ಇನ್ನು ಸ್ವರದ ಮಾತು. ತೆರೆದ ನಾಲ್ಕು ತಂತಿಗಳು ಇ, ಎ, ಡಿ, ಜಿ. ಕಂಪನ ಸೆಕೆಂಡಿಗೆ ಸುಮಾರು 41, 55, 73, 98. ನಮ್ಮ ಬೀದಿ ಕಂಬಗಳಿಗೆ ಕಟ್ಟುವ ಉದ್ದನೆಯ ಕಾಲಂ ಸ್ಪೀಕರುಗಳು ಭಾಷಣಕ್ಕೆಂದೇ ಹುಟ್ಟಿದವು. 41ರ ಆಳಕ್ಕೆ ಅವು ಇಳಿಯುವುದೇ ಇಲ್ಲ. ಆದರೂ ಬೇಸ್ ಕೇಳುತ್ತದಲ್ಲ, ಹೇಗೆ? ತಂತಿ ಮೀಟಿದಾಗ ಮೂಲಕಂಪನದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಏಳುತ್ತವೆ. ಮೇಲಿನವಷ್ಟೇ ಕಿವಿಗೆ ಬಿದ್ದರೂ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಸಣ್ಣ ಸ್ಪೀಕರಿನ ವೇದಿಕೆಯಲ್ಲಿ 'ಬೇಸ್' ಗುಬುಟನ್ನು ಪೂರ್ತಿ ತಿರುಗಿಸಿದರೆ ಬರುವುದು ಗೊಗ್ಗರು ಶಬ್ದ ಮಾತ್ರ. ಅದನ್ನು ತಗ್ಗಿಸಿ, 500ರಿಂದ 800 ಹರ್ಟ್ಜ್ ನಡುವಿನ ಮಧ್ಯಸ್ತರವನ್ನು ಒಂದಿಷ್ಟು ಏರಿಸಿದರೆ ಬೆರಳಿನ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಹುಡುಗ ಅದನ್ನೇ ಮಾಡುತ್ತಾನೆ. ಮಿಕ್ಸರಿನವನು ಮೊದಲ ಬಾರಿಗೆ ತಲೆ ಎತ್ತಿ ನೋಡುತ್ತಾನೆ.

ಅದೇ ಊರಿನ ಕಲ್ಯಾಣಮಂಟಪಕ್ಕೆ ಹೋದರೆ ಕಥೆ ತಿರುವುಮುರುವು. ಟೈಲ್ಸ್ ನೆಲ, ಗ್ರಾನೈಟ್ ಗೋಡೆ, ಮೇಲೆ ಶೀಟಿನ ಮಾಡು. ಆರತಕ್ಷತೆಯ ಗಡಿಬಿಡಿ, ಊಟದ ಹಾಲಿನಿಂದ ಬರುವ ಒಗ್ಗರಣೆಯ ಘಾಟು, ಓಡಾಡುವ ಮಕ್ಕಳು. ಇಲ್ಲಿ ಕೆಳಸ್ವರಕ್ಕೆ ಕೊರತೆಯಿಲ್ಲ, ಅದನ್ನು ಅಡಗಿಸುವುದೇ ಕೆಲಸ. ಕೆಳಗಿನ ಇ ತಂತಿಯ ಅಲೆಯ ಉದ್ದ ಸುಮಾರು 8 ಮೀಟರು. ಎದುರುಬದುರು ಗೋಡೆಗಳ ಅಂತರ ಅದಕ್ಕೆ ಹೊಂದಿಬಿಟ್ಟರೆ ಒಂದು ಸ್ವರ ಮಾತ್ರ ಮೈಮೇಲೆ ಬಂದು ಗುಮ್ಮುತ್ತದೆ, ಪಕ್ಕದ ಸ್ವರ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಶೀಟು ಗಲಗಲ ಅನ್ನುತ್ತದೆ, ಮದುಮಗಳ ಅಜ್ಜಿ ಎದೆ ಹಿಡಿದುಕೊಳ್ಳುತ್ತಾರೆ. ಸ್ಪೀಕರನ್ನು ಮೂಲೆಗೆ ಒತ್ತಿ ಇಟ್ಟರೆ ಈ ಕಾಟ ಇನ್ನೂ ಹೆಚ್ಚು; ಮೂಲೆಯಿಂದ ಹೊರಗೆ ಎಳೆದು, ಗುಮ್ಮುವ ಆ ಒಂದು ಕಂಪನವನ್ನು ಮಿಕ್ಸರಿನಲ್ಲಿ ಹುಡುಕಿ ತಗ್ಗಿಸಿ, ಎಡಗೈಯ ಬೆರಳುಗಳಿಂದ ತಂತಿಗಳನ್ನು ಬೇಗ ಮುಚ್ಚುತ್ತ ನುಡಿಸಿದರೆ ಹಾಲು ತಣ್ಣಗಾಗುತ್ತದೆ. ಅಭ್ಯಾಸಕ್ಕೆ, ಸಣ್ಣ ಹಾಲಿಗೆ 12 ಅಥವಾ 15 ಇಂಚಿನ ಸ್ಪೀಕರೂ ಆಂಪ್ಲಿಫಯರೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಸಾಕು. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 100ರ ಬದಲು 200 ವ್ಯಾಟ್ ಕೊಂಡೆ ಎಂದು ಬೀಗುವುದರಲ್ಲಿ ಅರ್ಥವಿಲ್ಲ.

ಹೊಸಪೇಟೆಯಿಂದ ಹಂಪಿ 13 ಕಿಲೋಮೀಟರ್. ಬಾಳೆತೋಟ, ಕಬ್ಬು, ಕಾಲುವೆ ದಾಟುತ್ತಿದ್ದಂತೆ ಬಂಡೆಗಳು ಒಂದರ ಮೇಲೊಂದು ಏರತೊಡಗುತ್ತವೆ. ಸಂಜೆಯ ಬಿಸಿಲಿಗೆ ಅವು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಸ್ವರಕ್ಕೆ ಕಲ್ಲನ್ನೇ ಕಡೆದ ಊರು ಇದು: ವಿಜಯವಿಠ್ಠಲ ದೇವಾಲಯದ ರಂಗಮಂಟಪದ 56 ಕಂಬಗಳನ್ನು ಜನ ಸರಿಗಮ ಕಂಬಗಳೆಂದೇ ಕರೆಯುತ್ತಾರೆ. ತಟ್ಟಿ ತಟ್ಟಿ ಸವೆಸಿದ ಮೇಲೆ ಈಗ ಮುಟ್ಟುವಂತಿಲ್ಲ.

ಹಂಪಿಯ ಬೇಸ್‌ಗೆ ಎರಡು ಮುಖಗಳಿದ್ದವು. ನದಿಯಾಚೆ ವಿರೂಪಾಪುರ ಗಡ್ಡೆಯ ಕೆಫೆಗಳಲ್ಲಿ ನೆಲದ ಹಾಸಿಗೆಯ ಮೇಲೆ ಒರಗಿ, ಊರೂರು ತಿರುಗಿ ಬಂದವರು ಗಿಟಾರು, ಜೆಂಬೆ ಹಿಡಿದು ರಾತ್ರಿ ಕಳೆಯುತ್ತಿದ್ದ ಕಾಲವೊಂದಿತ್ತು. ಅಲ್ಲಿ ಕೆಳಸ್ವರದ ಕೆಲಸ ಕಾಹೋನ್ ಪೆಟ್ಟಿಗೆಯ ಹೊಟ್ಟೆಗೆ ಬೀಳುತ್ತಿತ್ತು. ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ 2020ರ ಮಾರ್ಚ್‌ನಲ್ಲಿ ಆ ಕಟ್ಟಡಗಳು ನೆಲಸಮವಾದವು. ಉಳಿದಿರುವುದು ಎರಡನೆಯ ಮುಖ, ಹಂಪಿ ಉತ್ಸವ. ರಾಜಕಾರಣಿ ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಲ್ಲಿ ಬೆಳೆದ ಈ ಉತ್ಸವ ಹಿಂದೆ ನವೆಂಬರಿನಲ್ಲಿ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಜನವರಿಯಿಂದ ಮಾರ್ಚ್‌ ನಡುವೆ ನಡೆದಿದೆ. ಗಾಯತ್ರಿ ಪೀಠದ ಬಯಲಿನಲ್ಲಿ ದೊಡ್ಡ ವೇದಿಕೆ ಏಳುತ್ತದೆ. ಎದುರು ಬಸವಣ್ಣನ ಬಳಿ ಮತ್ತೊಂದು.

ಮಧ್ಯಾಹ್ನ ಮೂರು ಗಂಟೆ. ಬಯಲಿನಲ್ಲಿ ಸಾವಿರಾರು ಕುರ್ಚಿಗಳು ಖಾಲಿ, ಟ್ಯಾಂಕರು ನೀರು ಹೊಡೆದು ಧೂಳು ಕೂರಿಸುತ್ತಿದೆ. ವೇದಿಕೆಯ ಎರಡೂ ಬದಿಗೆ ಲೈನ್ ಅರೇ ಸ್ಪೀಕರುಗಳು ಬಾಗಿದ ಸಾಲಾಗಿ ತೂಗುತ್ತಿವೆ, ನೆಲದ ಮೇಲೆ ಸಬ್‌ವೂಫರುಗಳ ಗೋಡೆ. ಇಷ್ಟು ದೊಡ್ಡ ವ್ಯವಸ್ಥೆಯ ಮುಂದೆ ನಮ್ಮ ಹುಡುಗ ಒಂದು ಕಾಂಬೊ ತಂದು ಇಟ್ಟರೂ ಅದರ ಸದ್ದು ಮೊದಲ ಸಾಲಿಗೂ ತಲುಪದು. ಇಲ್ಲಿ ಕೆಲಸಕ್ಕೆ ಬರುವುದು ಅವನ ಆ ಲೋಹದ ಡಬ್ಬಿ, ಡಿ.ಐ. ಬಾಕ್ಸ್. ಗಿಟಾರಿನಿಂದ ಹೊರಡುವ ಸಂಕೇತ ದುರ್ಬಲ. ನೂರು ಅಡಿ ತಂತಿಯಲ್ಲಿ ಹರಿಯುವಷ್ಟರಲ್ಲಿ ಅದರ ಮೊನಚು ಸವೆದು, ದಾರಿಯುದ್ದದ ಗದ್ದಲ ಅಂಟಿಕೊಳ್ಳುತ್ತದೆ. ಡಿ.ಐ. ಅದನ್ನು ಮೈಕ್ ಕೇಬಲ್ಲಿನಲ್ಲಿ ದೂರ ಹೋಗಬಲ್ಲ ಸಮತೋಲದ ಸಂಕೇತವಾಗಿ ಮಾರ್ಪಡಿಸಿ ನೇರ ಮಿಕ್ಸರಿಗೆ ಕಳಿಸುತ್ತದೆ. ಇದೇನು ಬಡವರ ಉಪಾಯವಲ್ಲ. 1960ರ ದಶಕದಲ್ಲಿ ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ತನ್ನ ಪ್ರಿಸಿಷನ್ ಬೇಸನ್ನು ಹೀಗೆ ನೇರ ಮಿಕ್ಸರಿಗೆ ಕೊಟ್ಟೇ ನುಡಿಸುತ್ತಿದ್ದ. ತಂತಿ ಮೀಟಲು ಅವನು ಬಳಸುತ್ತಿದ್ದುದು ತೋರುಬೆರಳೊಂದೇ. ಹಳೇ ತಂತಿಗಳನ್ನು ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ ಎಂಬ ಖ್ಯಾತಿಯೂ ಅವನದು. ಲೋಕ ಇಂದಿಗೂ ಕುಣಿಯುವ ಎಷ್ಟೋ ಹಾಡುಗಳ ಕೆಳಸ್ವರ ಅಷ್ಟೇ ಸರಂಜಾಮಿನಿಂದ ಹುಟ್ಟಿದ್ದು.

ಬಿಸಿಲಿನಲ್ಲಿ ಶ್ರುತಿ ಮಾಡಿಟ್ಟ ಬೇಸ್ ರಾತ್ರಿಗೆ ಮಾತು ಕೇಳುವುದಿಲ್ಲ. ಕಾದ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಬಂಡೆಗಳು ಆರಿ ತಂಗಾಳಿ ತೀಡಿದಾಗ ತಂತಿ ಕುಗ್ಗಿ ಸ್ವರ ಏರುತ್ತದೆ. ವೇದಿಕೆ ಹತ್ತುವ ಮುನ್ನ ಚೀಲದಿಂದ ತೆಗೆದು ಸ್ವಲ್ಪ ಹೊತ್ತು ಆ ಗಾಳಿಗೆ ಒಡ್ಡಿ, ಆಮೇಲೆ ಟ್ಯೂನರ್ ಹಚ್ಚಬೇಕು. ಸ್ಥಳೀಯ ತಂಡಗಳಿಗೆ ಸಿಗುವ ಅವಧಿ ಚಿಕ್ಕದು, ಒಂದು ತಂಡ ಇಳಿದು ಇನ್ನೊಂದು ಹತ್ತುವ ನಡುವೆ ಉಸಿರಾಡಲೂ ಬಿಡುವಿಲ್ಲ. ಆಗ ಜ್ಯಾಕ್ ಚುಚ್ಚಿ, ಡಿ.ಐ. ತೋರಿಸಿ "ಲೈನ್ ರೆಡಿ ಸರ್" ಅನ್ನುವವನನ್ನು ಕಂಡರೆ ಬೆಂಗಳೂರಿನ ಸೌಂಡ್ ಎಂಜಿನಿಯರಿಗೂ ಪ್ರೀತಿ.

ಹಾಡು ಶುರುವಾದಾಗ ಬಯಲಿನಲ್ಲಿ ಒಂದು ಸುತ್ತು ಹಾಕಿ ನೋಡಿ. ನಟ್ಟನಡುವೆ ನಿಂತರೆ ಬೇಸ್ ಎದೆಗೆ ಒದೆಯುತ್ತದೆ. ಹತ್ತಿಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಸ್ವರ ಕರಗಿಹೋಗುತ್ತದೆ. ಇನ್ನಷ್ಟು ಸರಿದರೆ ಮತ್ತೆ ಬರುತ್ತದೆ. ಎಡಬಲದ ಸಬ್‌ವೂಫರುಗಳಿಂದ ಹೊರಟ ಅಲೆಗಳು ನಡುವೆ ಕೂಡಿ, ಪಕ್ಕದಲ್ಲಿ ಒಂದನ್ನೊಂದು ಅಳಿಸುವುದರಿಂದ ಹೀಗಾಗುತ್ತದೆ. ಬೇಸ್ ನುಡಿಸುವವನು ತಾನು ನಿಂತ ಜಾಗದಲ್ಲಿ ಕೇಳಿದ್ದನ್ನು ನಂಬಿ ಗುಬುಟು ತಿರುಗಿಸಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಸಂಡೂರಿನ ದಾರಿ ಬೇರೆ. ಹೊಸಪೇಟೆ ಬಿಟ್ಟು ಸುಮಾರು 30 ಕಿಲೋಮೀಟರ್, ನೆಲ ಕೆಂಪಾಗುತ್ತ, ಗುಡ್ಡ ಹಸಿರಾಗುತ್ತ ಹೋಗುತ್ತದೆ. ಸೆಪ್ಟೆಂಬರಿನ ಸಂಡೂರನ್ನು ಕಣ್ತುಂಬ ನೋಡಬೇಕೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಗುಡ್ಡದ ಹೆಗಲ ಮೇಲೆ ಮೋಡ ಕೂತಿರುತ್ತದೆ, ಸ್ವಾಮಿಮಲೆಯ ಕಾಡಿನಲ್ಲಿ ಕುಮಾರಸ್ವಾಮಿ ಕೂತಿದ್ದಾನೆ, ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿವೆ. ಮಳೆ ನಿಂತು ವಾರ ಕಳೆದರೆ ಎಲೆ, ಗೋಡೆ, ಬಿಳಿ ಅಂಗಿ ಎಲ್ಲಕ್ಕೂ ಕೆಮ್ಮಣ್ಣಿನ ಪುಡಿ.

ಆ ಪುಡಿ ಬೇಸಿನ ಒಳಗೂ ಹೋಗುತ್ತದೆ. ಗುಬುಟು ತಿರುಗಿಸಿದಾಗ ಕರಕರ, ಜ್ಯಾಕ್ ಅಲುಗಿದಾಗ ಫಟ್. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಹಾಕಿ ಗುಬುಟನ್ನು ಹಿಂದೆ ಮುಂದೆ ತಿರುಗಿಸಿದರೆ ಸದ್ದು ಅಡಗುತ್ತದೆ. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒಂದೊಂದಾಗಿ ಒರೆಸುವುದು ಪೂಜೆಯಷ್ಟೇ ಕಡ್ಡಾಯ. ಧೂಳೂ ಬೆವರೂ ಸೇರಿದರೆ ಸುತ್ತುತಂತಿಯ ಸಂದಿಯಲ್ಲಿ ಕೂತು ಸ್ವರವನ್ನು ಮಂಕು ಮಾಡುತ್ತವೆ. ಬೇಸಿನ ತಂತಿ ದುಬಾರಿ. ಮಂಕಾದ ಸೆಟ್ಟನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒಣಗಿಸಿ ಮತ್ತೆ ಕಟ್ಟುವ ಉಪಾಯ ಜಗತ್ತಿನ ಬೇಸಿಗರಿಗೆಲ್ಲ ಗೊತ್ತು. ಒಂದೆರಡು ಕಾರ್ಯಕ್ರಮಕ್ಕೆ ಹೊಳಪು ಮರಳುತ್ತದೆ. ಸಪಾಟು ಮೈಯ ಫ್ಲಾಟ್‌ವೌಂಡ್ ತಂತಿ ಕೊಂಡರೆ ಈ ಕಾಟವೇ ಕಡಿಮೆ. ಸ್ವರ ದುಂಡಗೆ ಬರುತ್ತದೆ, ಹಳೆಯ ಸಿನಿಮಾ ಹಾಡಿಗೆ ಒಪ್ಪುತ್ತದೆ.

ಕತ್ತಿನ ಕಥೆ ಇನ್ನೂ ಸೂಕ್ಷ್ಮ. ಏಪ್ರಿಲ್‌ನ 40 ಡಿಗ್ರಿ ಬಿಸಿಲಿಗೆ ಮರ ಒಣಗುತ್ತದೆ, ಆಗಸ್ಟಿನ ತೇವಕ್ಕೆ ಉಬ್ಬುತ್ತದೆ. ಕತ್ತಿನೊಳಗಿನ ಉಕ್ಕಿನ ಸಲಾಕೆ, ಟ್ರಸ್ ರಾಡ್, ಈ ಬಾಗುವಿಕೆಗೆ ಲಗಾಮು. ವರ್ಷಕ್ಕೆರಡು ಸಲ, ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ, ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿ ದಿನವೊಂದು ಕಾದು ನೋಡಬೇಕು; ಒಂದೇ ಏಟಿಗೆ ಜೋರು ಮಾಡಿದರೆ ಸಲಾಕೆಯೇ ಕೈಕೊಡುತ್ತದೆ. ಬೇಸನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲೋ ಬಸ್ಸಿನ ಟಾಪಿನ ಮೇಲೋ ಬಿಡುವುದು ಬೇಡ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದರೆ ಕೊಟ್ಟುಬಿಡಿ, ಚೀಲವನ್ನು ಕಾಲ ನಡುವೆ ನಿಲ್ಲಿಸಿಕೊಳ್ಳಿ. ನಾಲ್ಕೂವರೆ ಕಿಲೋ ತೂಗುವ ಸಾಮಾನನ್ನು ಮೂರು ತಾಸು ಹೆಗಲಿಗೆ ಹಾಕಿ ನಿಲ್ಲಲು ಮೂರು ಇಂಚು ಅಗಲದ ಪಟ್ಟಿ ಬೇಕು. ಭೌಗೋಳಿಕ ಸೂಚ್ಯಂಕ ಪಡೆದ ಲಂಬಾಣಿ ಕಸೂತಿ ಇದೇ ಸಂಡೂರಿನದು. ತಾಂಡಾದ ಹೆಣ್ಣುಮಕ್ಕಳು ಗಾಜಿನ ಬಿಲ್ಲೆ ಕೂರಿಸಿ ಹೊಲಿದ ಒಂದು ಪಟ್ಟಿಯನ್ನು ಬೇಸ್‌ಗೆ ಕಟ್ಟಿಕೊಂಡರೆ ಅಂದವೂ ಹೌದು, ಗಟ್ಟಿಯೂ ಹೌದು.

ಸಂಡೂರು ಎಂದಮೇಲೆ ದರೋಜಿ ಈರಮ್ಮನವರನ್ನು ನೆನೆಯದೆ ಇರುವುದು ಹೇಗೆ? ಇದೇ ತಾಲ್ಲೂಕಿನ ದರೋಜಿಯಲ್ಲಿ ಬಾಳಿ 2014ರಲ್ಲಿ ತೀರಿಕೊಂಡ ಬುರ್ರಕಥಾ ಕಲಾವಿದೆ. ಇಂಥ ಜನಪದ ದನಿಯ ಹಿಂದೆ ಬೇಸ್ ನುಡಿಸುವ ಆಸೆ ಇಂದಿನ ಹುಡುಗರಿಗಿದೆ. ರಘು ದೀಕ್ಷಿತ್ ಪ್ರಾಜೆಕ್ಟ್, ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮ ತಂಡಗಳು ತತ್ವಪದ, ಜನಪದಗಳಿಗೆ ಬೇಸ್ ಜೋಡಿಸಿ ದಾರಿ ತೋರಿಸಿವೆ. ಆದರೆ ವೇದಿಕೆ ಹತ್ತಿದಾಗ ಮೊದಲ ತೊಡಕು ಶ್ರುತಿಯದು. ನಮ್ಮ ನಾಟಕದವರು, ಭಜನೆಯವರು ಹಾರ್ಮೋನಿಯಂ ನೋಡಿ "ಕರಿ ಒಂದು", "ಕರಿ ಎರಡು" ಅನ್ನುತ್ತಾರೆ. ಕರಿ ಎರಡು ಅಂದರೆ ಇ ತಂತಿಗಿಂತ ಅರ್ಧ ಸ್ವರ ಕೆಳಗೆ, ಕರಿ ಒಂದು ಒಂದೂವರೆ ಸ್ವರ ಕೆಳಗೆ. ನಾಲ್ಕು ತಂತಿಯ ಬೇಸಿನಲ್ಲಿ ಷಡ್ಜದ ತಳವೇ ಸಿಗದೆ ಮೇಲಿನ ಸ್ಥಾಯಿಗೆ ಹಾರಬೇಕಾಗುತ್ತದೆ. ಜನಪದ, ಭಜನೆ, ನಾಟಕಗಳ ಜೊತೆ ಹೆಚ್ಚು ನುಡಿಸುವವರಿಗೆ ಐದನೆಯ ತಂತಿ, 31 ಹರ್ಟ್ಜಿನ ಕೆಳ ಬಿ, ಇದಕ್ಕಾಗಿಯೇ ಬೇಕು. ಸಿನಿಮಾ ಹಾಡಿಗೆ ಮಾತ್ರವಾದರೆ ನಾಲ್ಕು ಸಾಕು. ಐದು ತಂತಿಯ ಬೇಸನ್ನು ತೋರಿಕೆಗೆ ಕೊಂಡು ಐದನೆಯದರ ಮೇಲೆ ಹೆಬ್ಬೆರಳು ಊರಿಕೊಂಡು ನಿಂತವರು ಬೇಕಾದಷ್ಟು ಜನ.

ಕಂಪ್ಲಿ ಹೊಸಪೇಟೆಯಿಂದ ಪೂರ್ವಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಕಮಲಾಪುರ ದಾಟಿದ ಮೇಲೆ ಬಂಡೆ ಹಿಂದೆ ಸರಿದು ಗದ್ದೆ ಹರಡಿಕೊಳ್ಳುತ್ತದೆ. ಕುಮಾರರಾಮನ ತಂದೆ ಕಂಪಿಲದೇವನ ಹೆಸರಿನ ನೆನಪು ಹೊತ್ತ ಈ ಹೊಳೆದಂಡೆಯ ಊರಿನಲ್ಲಿ ತುಂಗಭದ್ರೆ ತುಂಬಿ ಹರಿದರೆ ಗಂಗಾವತಿ ಸೇತುವೆ ಬಂದ್. ಆಗ ಆಚೆ ದಂಡೆಯ ಕಾರ್ಯಕ್ರಮಕ್ಕೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಬಳಸಿ ಹೋಗಬೇಕು.

ಜಾತ್ರೆಯ ರಾತ್ರಿ. ಕೊಯ್ದ ಗದ್ದೆಯ ಕೂಳೆಯ ಮೇಲೆ ತಾಡಪಾಲು, ಹ್ಯಾಲೊಜೆನ್ ದೀಪಕ್ಕೆ ಮುತ್ತುವ ಹುಳ, ಮಿರ್ಚಿ ಭಜಿಯ ಎಣ್ಣೆ ವಾಸನೆ, ದೂರದಲ್ಲಿ ಕಪ್ಪೆಗಳು. ವೇದಿಕೆಯ ಹಿಂದೆ ಜನರೇಟರ್ ಡಗಡಗ. ಮೊದಲು ತಾಷಾ-ರಾಂಡೋಲಿನ ಮೆರವಣಿಗೆ ಹಾದುಹೋಗುತ್ತದೆ, ಡೊಳ್ಳಿನವರು ನೆಲ ನಡುಗಿಸುತ್ತಾರೆ. ಕರೆಂಟಿಲ್ಲದೆ ಎದೆಗೆ ತಲುಪುವ ಕೆಳಸ್ವರ ಈ ಸೀಮೆಗೆ ಹೊಸದಲ್ಲ. ಅದಾದ ಮೇಲೆ ಬೇಸ್ ಹಿಡಿದು ನಿಂತವನಿಗೆ ಗಂಟಲು ಒಣಗುವುದು ಸಹಜ.

ಅವನು ಜ್ಯಾಕ್ ಚುಚ್ಚುತ್ತಾನೆ. ಗುಂಯ್! ನಮ್ಮ ಕರೆಂಟಿನ ಲಯ ಸೆಕೆಂಡಿಗೆ 50 ಆವರ್ತ. ಇ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಸಿಗುವ ಜಿ ಸ್ವರ 49. ಹಾಗಾಗಿ ಈ ಗುಂಯ್‌ಗಾಟ ಬೇಸಿನ ಸ್ವರಕ್ಕೇ ಅಂಟಿಕೊಂಡು, ಎರಡೂ ಒಂದನ್ನೊಂದು ಉಜ್ಜಿ ಅಲೆ ಅಲೆಯಾಗಿ ತೂಗುತ್ತವೆ. ಈಕ್ವಲೈಸರಿನಲ್ಲಿ ಅದನ್ನು ಕತ್ತರಿಸಹೊರಟರೆ ಸ್ವರವೂ ಹೋಗುತ್ತದೆ. ಡಿ.ಐ. ಬಾಕ್ಸಿನ ಪಕ್ಕದಲ್ಲಿ 'ಗ್ರೌಂಡ್ ಲಿಫ್ಟ್' ಎಂಬ ಪುಟ್ಟ ಸ್ವಿಚ್ಚಿರುತ್ತದೆ. ಅದನ್ನು ತಳ್ಳಿದರೆ ಎರಡು ಕಡೆಯ ಅರ್ಥಿಂಗ್ ಸುತ್ತಿಕೊಂಡು ಹುಟ್ಟಿದ ಗುಂಯ್ ಒಮ್ಮೆಲೆ ನಿಲ್ಲುತ್ತದೆ.

ಕೆಲವರು ಇದಕ್ಕೆ ಅಡ್ಡದಾರಿ ಹಿಡಿದು ಪ್ಲಗ್ಗಿನ ಮೂರನೆಯ ಪಿನ್ನನ್ನೇ ಕಿತ್ತುಹಾಕುತ್ತಾರೆ. ಅದು ಜೀವದ ಜೊತೆ ಆಟ. ಬೇಸಿನ ತಂತಿ ಲೋಹ, ಅದರ ಮೇಲೆ ಬೆವರಿದ ಕೈ. ಎದುರಿಗೆ ಬೇರೆ ಲೈನಿನ ಮೈಕ್, ಅದಕ್ಕೆ ತುಟಿ ತಾಗುತ್ತದೆ. ಎರಡರ ನಡುವೆ ವೋಲ್ಟೇಜಿನ ವ್ಯತ್ಯಾಸವಿದ್ದರೆ ಅದು ಹರಿಯುವುದು ದೇಹದ ಮೂಲಕ. ನಮ್ಮ ಹುಡುಗ ಮೊದಲು ಟೆಸ್ಟರನ್ನು ತಂತಿಗೂ ಮೈಕಿನ ಜಾಲರಿಗೂ ಮುಟ್ಟಿಸಿ ನೋಡುತ್ತಾನೆ. ಟೆಸ್ಟರ್ ಬೆಳಗದ ಮಾತ್ರಕ್ಕೆ ಎಲ್ಲ ಸುರಕ್ಷಿತವೆಂದಲ್ಲ. ಬೆಳಗಿದರೆ ಮಾತ್ರ ಜನರೇಟರಿನವನನ್ನು ಕರೆಸದೆ ಅವನು ವೇದಿಕೆ ಹತ್ತುವುದಿಲ್ಲ. ಜನರೇಟರಿಗೆ ನೆಲಕ್ಕೆ ಸಲಾಕೆ ಹೊಡೆದು, ಸುತ್ತ ನೀರು ಹೊಯ್ದು ಅರ್ಥಿಂಗ್ ಕೊಡಬೇಕು; ವೇದಿಕೆಯ ಬೋರ್ಡಿಗೆ 30 ಮಿಲಿ ಆಂಪಿಯರಿಗೆ ಕಡಿದುಕೊಳ್ಳುವ ಇ.ಎಲ್.ಸಿ.ಬಿ. ಕೂರಿಸಬೇಕು. ಹಸಿ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ನುಡಿಸಬಾರದು.

ಕಂಪ್ಲಿಯಂಥ ಕಡೆ ಕಲಿಯುವ ಇನ್ನೊಂದು ಪಾಠ ಬ್ಯಾಟರಿಯದು. ಆ್ಯಕ್ಟಿವ್ ಬೇಸಿನಲ್ಲಿ ಒಳಗೊಂದು ಪುಟ್ಟ ಪ್ರಿಆಂಪ್ ಇದ್ದು 9 ವೋಲ್ಟಿನ ಬ್ಯಾಟರಿ ತಿನ್ನುತ್ತದೆ. ಜ್ಯಾಕ್ ಚುಚ್ಚಿಟ್ಟರೆ ನುಡಿಸದಿದ್ದರೂ ತಿನ್ನುತ್ತಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಅದು ಸತ್ತರೆ ಜಾತ್ರೆಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬ್ಯಾಟರಿ ಬೇಡದ ಪ್ಯಾಸಿವ್ ಬೇಸ್ ಹಳ್ಳಿ ವೇದಿಕೆಗೆ ನಿಶ್ಚಿಂತೆ. ಆ್ಯಕ್ಟಿವ್ ಬೇಕೇಬೇಕು ಅನ್ನುವವರು ಚೀಲದಲ್ಲಿ ಬದಲಿ ಬ್ಯಾಟರಿ ಇಟ್ಟುಕೊಳ್ಳಲಿ.

ಈ ನಡುವೆ ಬಯಲಿನಿಂದ ಕೂಗು: "ಬ್ಯಾಸ್ ಏರ್ಸ್ರೀ!" ಡಿಜೆಗಳ ಡುಬುಡುಬಿಗೆ ಪಳಗಿದ ಎದೆಗಳು ಅವು. ಸೌಂಡ್‌ನವನು ಸಬ್ಬನ್ನು ಏರಿಸಿದರೆ ಕಿಕ್ ಡ್ರಮ್ಮೂ ಬೇಸೂ ಕಲಸಿ ಒಂದೇ ಮುದ್ದೆ. ಗೊತ್ತಿರುವ ಎಂಜಿನಿಯರ್ ಕಿಕ್ಕಿಗೆ 60 ಹರ್ಟ್ಜ್ ಸುತ್ತ ಜಾಗ ಕೊಟ್ಟು ಬೇಸನ್ನು 100ರ ಸುತ್ತ ಎತ್ತುತ್ತಾನೆ, 30ಕ್ಕಿಂತ ಕೆಳಗಿನ ಗೊಂದಲವನ್ನು ಕತ್ತರಿಸುತ್ತಾನೆ. ಶಬ್ದಮಾಲಿನ್ಯ ನಿಯಮಗಳು 2000ದಿಂದ ಜಾರಿಯಲ್ಲಿವೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಂದ್, ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಗೋಡೆ ತೂರಿ ಮಲಗಿದ ಮನೆಗೆ ಮೊದಲು ತಲುಪುವುದು ಕೆಳಸ್ವರವೇ. ಪೊಲೀಸರು ಬಂದಾಗ ಮೊದಲ ಬೈಗುಳವೂ ಅದಕ್ಕೇ.

ಹಾಗಾದರೆ ಮೊದಲ ಸಲ ಬೇಸ್ ಕೊಳ್ಳುವವರು ಏನು ಮಾಡಬೇಕು? ಹೊಸಪೇಟೆಯಲ್ಲಿ ತಬಲಾ, ಹಾರ್ಮೋನಿಯಂ ಸುಲಭವಾಗಿ ಸಿಗುತ್ತವೆ. ಬೇಸ್‌ಗೆ ಹುಬ್ಬಳ್ಳಿಯೋ ಬೆಂಗಳೂರೋ ಆಗಬೇಕು. ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸುವುದಕ್ಕಿಂತ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಕೈಯಲ್ಲಿ ಹಿಡಿದು ನೋಡುವುದು ಲೇಸು. ಹಳೆಯದನ್ನು ಕೊಂಡರೂ ಸರಿಯೇ. ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಚಿದೆಯೇ ನೋಡಿ. ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒತ್ತಿ ಗರಗರ ಇದೆಯೇ ಕೇಳಿ. ಹನ್ನೆರಡನೆಯ ಫ್ರೆಟ್ಟಿನ ಸ್ವರ ತೆರೆದ ತಂತಿಯ ನೇರ ಮೇಲಿನ ಸ್ಥಾಯಿಗೆ ಕೂಡುತ್ತದೆಯೇ ಟ್ಯೂನರಿನಲ್ಲಿ ಪರೀಕ್ಷಿಸಿ. ಟ್ರಸ್ ರಾಡ್ ತಿರುಗುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ಲಗೋರಿ ತಂಡದಲ್ಲಿ ಬೇಸ್ ನುಡಿಸುವ ಶಾಲಿನಿ ಮೋಹನ್ ಅವರನ್ನು ನೋಡಿದವರು ಇದು ಗಂಡುಹುಡುಗರ ವಾದ್ಯ ಎಂದು ಹೇಳಲಾರರು. ಕೈ ಚಿಕ್ಕದಿದ್ದರೆ 30 ಇಂಚಿನ ಗಿಡ್ಡ ಅಳತೆಯ ಬೇಸೂ ಇದೆ.

ಖರ್ಚಿನ ಕ್ರಮ ಹೀಗಿರಲಿ: ಮೊದಲು ಪ್ರಿಸಿಷನ್ ಮಾದರಿಯ ಸಾದಾ ಪ್ಯಾಸಿವ್ ಬೇಸ್, ಜೊತೆಗೆ ಬಲ್ಲವರಿಂದ ಒಂದು ಸೆಟಪ್. ಆಮೇಲೆ ಎರಡು ಗಟ್ಟಿ ಕೇಬಲ್, ಟ್ಯೂನರ್, ಅಗಲ ಪಟ್ಟಿ, ದಪ್ಪ ಚೀಲ. ಆಮೇಲೆ ಗ್ರೌಂಡ್ ಲಿಫ್ಟ್ ಇರುವ ಡಿ.ಐ. ಬಾಕ್ಸ್. ಮನೆಯ ಅಭ್ಯಾಸಕ್ಕೆ ಹೆಡ್‌ಫೋನ್. ಆಂಪ್ಲಿಫಯರ್ ಕೊನೆಗೆ, ಅದೂ ಸ್ವಂತ ತಂಡ, ಸ್ವಂತ ಅಭ್ಯಾಸದ ಕೋಣೆ, ಸ್ವಂತ ಗಾಡಿ ಆದಮೇಲೆ. ಈ ನಾಲ್ಕು ಊರುಗಳ ವೇದಿಕೆಗಳಲ್ಲಿ ವ್ಯಾಟ್ ಸೌಂಡ್‌ನವರದು. ಸ್ವರ ಮಾತ್ರ ನಿಮ್ಮದು.

ಉತ್ಸವ ಸಮಿತಿಗಳಿಗೆ, ಗಣೇಶ ಮಂಡಳಿಗಳಿಗೆ ಇಷ್ಟೇ ವಿನಂತಿ: ಹಾರ ತುರಾಯಿಗೆ ಇಡುವ ದುಡ್ಡಿನಲ್ಲಿ ಒಂದು ಪಾಲು ಸರಿಯಾದ ಅರ್ಥಿಂಗಿಗೆ, ಒಂದು ಪಾಲು ಆರನೆಯ ವಾದ್ಯಗಾರನ ಸಂಭಾವನೆಗೆ ತೆಗೆದಿಡಿ. ಕಾರ್ಯಕ್ರಮಕ್ಕೆ ಮೊದಲು ಅರ್ಧ ತಾಸು ಸೌಂಡ್ ಚೆಕ್‌ಗೆ ಬಿಡಿ. ಹಾಡು ತಾನಾಗಿ ತುಂಬಿಕೊಳ್ಳುತ್ತದೆ.